ಪುನರುತ್ಥಾನದ ನಂಬಿಕೆಯಲ್ಲಿ ಬಾಳಿದ ಬಾನ್ಹೋಫರ್

ಕ್ರಿಸ್ತನು ಶಿಲುಬೆಯಲ್ಲಿ ಸತ್ತು ಮೂರನೆಯ ದಿನ ಎದ್ದು ಬಂದನೆಂಬುದು ಕ್ರೈಸ್ತ ಮತದ ತಳಹದಿ. ಇದೊಂದು ನಿಜವಲ್ಲವಾದರೆ ತಾವು ಸಾರುವುದೆಲ್ಲ ವ್ಯರ್ಥವೆಂದು ಸಂತ ಪೌಲನು ಕೊರಿಂಥದ ಸಭೆಗೆ ಬರೆದನು. ಆದರೆ ಈಸ್ಟರ್ ಹಬ್ಬದ ಆರಾಧನೆ ಮುಗಿಸಿ ಮನೆಗೆ ಮರಳಿದವನ ಸೋಮವಾರದ ಬದುಕಿಗೆ ಇದರಿಂದ ಏನಾಗಬೇಕು? ಸತ್ತ ಬಳಿಕ ಸಿಗುವ ಸುಖದ ಭರವಸೆಯಷ್ಟೇ ಇದರ ಅರ್ಥವೇ? ಬರವಣಿಗೆಯಲ್ಲಿಯೂ ಬಾಳಿನಲ್ಲಿಯೂ ಈ ಪ್ರಶ್ನೆಗೆ ಉತ್ತರ ಕೊಟ್ಟವರು ಜರ್ಮನಿಯ ಪಾದ್ರಿ ಡೀಟ್ರಿಷ್ ಬಾನ್ಹೋಫರ್. ಅವರ ಜೀವನವನ್ನು ನಾವು ಇಲ್ಲಿ ಸಂಕ್ಷೇಪವಾಗಿ ಓದುಗರ ಮುಂದಿಡುತ್ತೇವೆ.

ಬಾನ್ಹೋಫರರು 1906ರ ಫೆಬ್ರವರಿ 4ರಂದು ಬ್ರೆಸ್ಲಾವ್ ನಗರದಲ್ಲಿ ಜನಿಸಿದರು. ಆ ಊರು ಈಗ ಪೋಲೆಂಡಿಗೆ ಸೇರಿದೆ. ಎಂಟು ಮಕ್ಕಳ ಆ ಮನೆಯಲ್ಲಿ ಅವರೂ ತಂಗಿ ಸಬೀನಳೂ ಅವಳಿ ಮಕ್ಕಳು. ತಂದೆ ಕಾರ್ಲ್ ಹೆಸರಾಂತ ಮನೋರೋಗ ವೈದ್ಯರು. 1912ರಲ್ಲಿ ಸಂಸಾರ ಬರ್ಲಿನ್ನಿಗೆ ಬಂದು ನೆಲೆಸಿತು. 1918ರಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ, ಅಣ್ಣ ವಾಲ್ಟರ್ ಮಡಿದನು. ತಾಯಿ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಸತ್ತ ಮಗನ ಬೈಬಲನ್ನು ಮುಂದೆ ಆ ತಾಯಿ ಡೀಟ್ರಿಷನ ಕೈಗಿತ್ತರು. ಅವರು ಅದನ್ನು ಜೀವಮಾನವಿಡೀ ಬಳಸಿದರು. ಮನೆಯವರು ಅಷ್ಟಾಗಿ ದೇವಾಲಯಕ್ಕೆ ಹೋಗುವವರಲ್ಲ. ಹುಡುಗನು ತಾನು ದೇವಶಾಸ್ತ್ರ ಕಲಿಯುವೆನೆಂದಾಗ ಅಣ್ಣಂದಿರು ಹುಬ್ಬೇರಿಸಿದರು.

1927ರಲ್ಲಿ, 21ನೆಯ ವಯಸ್ಸಿಗೇ, ಅವರು ಬರ್ಲಿನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. 1930ರಲ್ಲಿ ಹೆಚ್ಚಿನ ಅಧ್ಯಯನಕ್ಕೆಂದು ನ್ಯೂಯಾರ್ಕಿಗೆ ಹೋದಾಗ, ಹಾರ್ಲೆಮ್ ಬಡಾವಣೆಯ ಕರಿಯ ಜನರ ದೇವಾಲಯದಲ್ಲಿ ಮಕ್ಕಳಿಗೆ ಆದಿತ್ಯವಾರದ ಪಾಠ ಹೇಳಿದರು. ತುಳಿತಕ್ಕೊಳಗಾದವರ ಬದುಕನ್ನು ಅವರು ಹತ್ತಿರದಿಂದ ಕಂಡದ್ದು ಅಲ್ಲಿಯೇ.

1933ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಯಹೂದಿ ಮೂಲದವರು ಪಾದ್ರಿಗಳಾಗಿರಬಾರದೆಂಬ ನಿಯಮವನ್ನು ಸಭೆಯೊಳಗೂ ತರುವ ಪ್ರಯತ್ನ ನಡೆಯಿತು. ಅನೇಕರು ತಲೆಬಾಗಿದರು. ಬಾನ್ಹೋಫರರು ಬಾಗಲಿಲ್ಲ. ಚಕ್ರದಡಿಗೆ ಸಿಕ್ಕವರ ಗಾಯ ಕಟ್ಟಿದರಷ್ಟೇ ಸಾಲದು, ಚಕ್ರವನ್ನೇ ತಡೆಯಬೇಕಾದ ಹೊತ್ತು ಬಂದೀತೆಂದು ಆ ವರ್ಷವೇ ಬರೆದರು. ಅಹಿಂಸೆಯ ಮಾರ್ಗವನ್ನು ಕಣ್ಣಾರೆ ಕಾಣಬೇಕೆಂದು ಭಾರತಕ್ಕೆ ಬರುವ ಹಂಬಲವೂ ಅವರಿಗಿತ್ತು. 1934ರಲ್ಲಿ ಗಾಂಧೀಜಿಯವರು ಕಾಗದ ಬರೆದು ಅವರನ್ನು ಆಹ್ವಾನಿಸಿದ್ದರು. ಆದರೆ ಹಿಟ್ಲರನಿಗೆ ಮಣಿಯದ ಸಭೆಗಾಗಿ ತರುಣ ಪಾದ್ರಿಗಳನ್ನು ಸಿದ್ಧಗೊಳಿಸುವ ಕರೆ ಬಂದುದರಿಂದ ಆ ಪ್ರಯಾಣ ಕೈಗೂಡಲಿಲ್ಲ. ಫಿಂಕನ್‌ವಾಲ್ಡಿನಲ್ಲಿ ಅವರು 1935ರಿಂದ ನಡೆಸಿದ ಆ ಪಾಠಶಾಲೆಯನ್ನು 1937ರಲ್ಲಿ ಗುಪ್ತ ಪೊಲೀಸರು ಮುಚ್ಚಿಸಿದರು.

1939ರ ಜೂನ್ ತಿಂಗಳಲ್ಲಿ ಸ್ನೇಹಿತರು ಅವರನ್ನು ಅಮೆರಿಕಕ್ಕೆ ಕರೆಸಿಕೊಂಡರು. ಅಲ್ಲಿ ಕೆಲಸವಿತ್ತು, ಗೌರವವಿತ್ತು, ಜೀವಕ್ಕೆ ಭದ್ರತೆಯಿತ್ತು. ಆದರೆ ಒಂದು ತಿಂಗಳೂ ಅವರು ಅಲ್ಲಿ ನಿಲ್ಲಲಿಲ್ಲ. ತನ್ನ ಜನರ ಕಷ್ಟದಲ್ಲಿ ಪಾಲುಗೊಳ್ಳದವನಿಗೆ ಯುದ್ಧಾನಂತರ ನಾಡನ್ನು ಮತ್ತೆ ಕಟ್ಟುವ ಹಕ್ಕಿಲ್ಲವೆಂದು ಬಗೆದು ಹಡಗು ಹತ್ತಿ ಊರಿಗೆ ಮರಳಿದರು.

ಮುಂದೆ ಭಾವ ಹಾನ್ಸ್ ಫಾನ್ ದೋನಾನ್ಯಿಯವರ ಮೂಲಕ ಸೇನೆಯ ಬೇಹುಗಾರಿಕೆ ಇಲಾಖೆಯನ್ನು ಸೇರಿದರು. ಹಿಟ್ಲರನನ್ನು ಕೊನೆಗಾಣಿಸುವ ಸಂಚು ಬೆಳೆಯುತ್ತಿದ್ದುದು ಅಲ್ಲಿಯೇ. 14 ಮಂದಿ ಯಹೂದಿ ಮೂಲದವರನ್ನು ಸ್ವಿಟ್ಜರ್ಲೆಂಡಿಗೆ ದಾಟಿಸಿದ ಕಾರ್ಯದಲ್ಲಿ ಅವರೂ ಕೈಜೋಡಿಸಿದ್ದರು. ಶಾಂತಿ ಬೋಧಿಸಿದ ಪಾದ್ರಿ ಕೊಲೆಯ ಸಂಚಿನಲ್ಲಿ ಸೇರಬಹುದೇ ಎಂದು ಇಂದಿಗೂ ಕೇಳುವವರಿದ್ದಾರೆ. ಸ್ವತಃ ಅವರೇ ಇದನ್ನು ಪುಣ್ಯಕಾರ್ಯವೆಂದು ಹೇಳಿಕೊಳ್ಳಲಿಲ್ಲ. ಕೈಕಟ್ಟಿ ಕುಳಿತರೂ ಪಾಪ, ಕೈಯಿಕ್ಕಿದರೂ ಪಾಪ. ತನ್ನ ಪಾಲಿನ ಪಾಪವನ್ನು ಹೊತ್ತು ದೇವರ ಕೃಪೆಗೆ ಒಪ್ಪಿಸುವುದೊಂದೇ ದಾರಿ ಎಂಬುದು ಅವರ ನಿಲುವಾಗಿತ್ತು.

1943ರ ಜನವರಿಯಲ್ಲಿ 18ರ ಹರೆಯದ ಮರಿಯಾ ಫಾನ್ ವೇಡೆಮಾಯರ್ ಎಂಬವರೊಂದಿಗೆ ಅವರ ಮದುವೆ ನಿಶ್ಚಯವಾಯಿತು. ಏಪ್ರಿಲ್ 5ರಂದು ಪೊಲೀಸರು ಬಂದು ಸೆರೆಹಿಡಿದರು. ಮದುವೆ ನಡೆಯಲೇ ಇಲ್ಲ. ಬರ್ಲಿನ್ನಿನ ಟೇಗೆಲ್ ಜೈಲಿನಲ್ಲಿ ಒಂದೂವರೆ ವರ್ಷ ಕಳೆದರು. ಬಾಂಬು ಬೀಳುವ ರಾತ್ರಿಗಳಲ್ಲಿ ಗಾಯಾಳುಗಳ ಆರೈಕೆ ಮಾಡಿದರು; ಅಂಜಿದವರಿಗೆ ಧೈರ್ಯ ಹೇಳಿದರು. ಕಾವಲುಗಾರನೊಬ್ಬನು ಅವರನ್ನು ಹೊರಗೆ ಪಾರುಮಾಡಲು ಸಿದ್ಧನಾಗಿದ್ದನು. ಅಷ್ಟರಲ್ಲಿ ಅಣ್ಣ ಕ್ಲಾಸ್ ಕೂಡ ಸೆರೆಯಾದ ಸುದ್ದಿ ಬಂತು. ತಾನು ಓಡಿಹೋದರೆ ಮನೆಯವರಿಗೆ ಕೇಡಾದೀತೆಂದು ಆ ಯೋಚನೆಯನ್ನೇ ಬಿಟ್ಟರು.

ಜೈಲಿನಿಂದ ಸ್ನೇಹಿತ ಎಬರ್‌ಹಾರ್ಡ್ ಬೆತ್ಗೆಯವರಿಗೆ ಬರೆದ ಕಾಗದಗಳಲ್ಲಿ ಪುನರುತ್ಥಾನದ ವಿಚಾರ ಮತ್ತೆ ಮತ್ತೆ ಬರುತ್ತದೆ. 1944ರ ಈಸ್ಟರಿಗೆ ಮುನ್ನ ಬರೆದ ಕಾಗದದಲ್ಲಿ ಅವರು ಒಂದು ಸೂಕ್ಷ್ಮವನ್ನು ತೋರಿಸಿದರು. ಸಾಯುವ ಗಳಿಗೆಯನ್ನು ಧೈರ್ಯದಿಂದ ಎದುರಿಸುವುದು ಮನುಷ್ಯನಿಗೆ ಸಾಧ್ಯ. ಸಾಕ್ರೆಟಿಸನೂ ಅದನ್ನು ಮಾಡಿದನು. ಆದರೆ ಮರಣವನ್ನೇ ಗೆಲ್ಲುವುದು ಮನುಷ್ಯನ ಕೈಯಲ್ಲಿಲ್ಲ. ಅದು ಕ್ರಿಸ್ತನಿಂದ ಮಾತ್ರ ಆದದ್ದು. ಆ ಗೆಲುವಿನ ಬೆಳಕಿನಲ್ಲಿ ನಾಲ್ಕು ಜನ ನಿಜವಾಗಿ ಬಾಳಿದರೂ ಲೋಕ ಎಷ್ಟೋ ಬದಲಾದೀತೆಂಬುದು ಅವರ ನಂಬಿಕೆ. ಅದೇ ಜೂನ್ ತಿಂಗಳ ಕಾಗದದಲ್ಲಿ ಇನ್ನೂ ಮುಂದುವರಿದರು: ಪುನರುತ್ಥಾನದ ಭರವಸೆ ಮನುಷ್ಯನನ್ನು ಈ ಲೋಕದಿಂದ ಬಿಡಿಸಿ ಒಯ್ಯುವುದಿಲ್ಲ, ಹೊಸ ಮನಸ್ಸು ಕೊಟ್ಟು ಇದೇ ಮಣ್ಣಿನ ಬದುಕಿಗೆ ಹಿಂದೆ ಕಳುಹಿಸುತ್ತದೆ. ಕ್ರಿಸ್ತನು ಹೇಗೋ ಹಾಗೆಯೇ ಕ್ರೈಸ್ತನೂ ಇಲ್ಲಿಯ ಬಟ್ಟಲನ್ನು ಕೊನೆಯ ಹನಿಯವರೆಗೆ ಕುಡಿಯಬೇಕು.

1944ರ ಜುಲೈ 20ರ ಸಂಚು ವಿಫಲವಾದ ಬಳಿಕ ಸಂಬಂಧದ ಕುರುಹುಗಳು ಒಂದೊಂದಾಗಿ ಸಿಕ್ಕಿದವು. ಅವರನ್ನು ಗುಪ್ತ ಪೊಲೀಸರ ನೆಲಮಾಳಿಗೆಗೆ, ಅಲ್ಲಿಂದ ಬೂಕನ್‌ವಾಲ್ಡ್ ಶಿಬಿರಕ್ಕೆ ಸಾಗಿಸಿದರು. 1945ರ ಈಸ್ಟರ್ ಏಪ್ರಿಲ್ 1ರಂದು ಬಂದಿತ್ತು. ಮರು ಆದಿತ್ಯವಾರ, 8ರಂದು, ಕೈದಿಗಳ ತಂಡ ಷೋನ್‌ಬೆರ್ಗ್ ಎಂಬ ಹಳ್ಳಿಯ ಶಾಲೆಯಲ್ಲಿತ್ತು. ಪ್ರಾರ್ಥನೆ ನಡೆಸಿಕೊಡಿರೆಂದು ಜೊತೆಯವರು ಕೇಳಿದರು. ಹೆಚ್ಚಿನವರು ಕ್ಯಾಥೊಲಿಕರು, ಒಬ್ಬನು ದೇವರನ್ನು ನಂಬದ ರಷ್ಯನ್. ಅವರ ಮನಸ್ಸು ನೋಯಬಾರದೆಂದು ಬಾನ್ಹೋಫರರು ಹಿಂಜರಿದರು. ಆ ರಷ್ಯನ್ನನೇ ಆಗಲಿ ಎಂದಮೇಲೆ ಒಪ್ಪಿದರು. ಕ್ರಿಸ್ತನ ಪುನರುತ್ಥಾನದಿಂದ ಹುಟ್ಟುವ ಜೀವಂತ ನಿರೀಕ್ಷೆಯನ್ನು ಕುರಿತು ಪೇತ್ರನ ಪತ್ರಿಕೆಯಲ್ಲಿರುವ ವಾಕ್ಯವನ್ನು ವಿವರಿಸಿದರು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಇಬ್ಬರು ಬಂದು ಹೊರಡಲು ಹೇಳಿದರು. ಹೊರಡುವ ಮುನ್ನ ಇಂಗ್ಲಿಷ್ ಕೈದಿಯೊಬ್ಬರ ಬಳಿ, ಇದು ತನಗೆ ಕೊನೆಯಾದರೂ ಜೀವನದ ಆರಂಭವೂ ಹೌದೆಂದು ಸ್ನೇಹಿತರಾದ ಬಿಷಪ್ ಬೆಲ್ಲರಿಗೆ ತಿಳಿಸಲು ಹೇಳಿಕಳುಹಿಸಿದರು. ಆ ರಾತ್ರಿ ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ವಿಚಾರಣೆಯ ಶಾಸ್ತ್ರ ಮುಗಿಯಿತು. 9ರ ಬೆಳಿಗ್ಗೆ ಗಲ್ಲಿಗೇರಿಸಿದರು. ಆಗ ಅವರಿಗೆ 39 ವರ್ಷ. ಎರಡು ವಾರಗಳಲ್ಲಿ ಅಮೆರಿಕದ ಸೇನೆ ಆ ಶಿಬಿರವನ್ನು ತಲುಪಿತು.

ಅಣ್ಣ ಕ್ಲಾಸ್ ಮತ್ತು ಇಬ್ಬರು ಭಾವಂದಿರೂ ಅದೇ ತಿಂಗಳಲ್ಲಿ ಹತರಾದರು. ಡೀಟ್ರಿಷ್ ಸತ್ತ ಸುದ್ದಿ ವೃದ್ಧ ತಂದೆತಾಯಿಗಳಿಗೆ ಖಚಿತವಾದದ್ದು ಜುಲೈ 27ರಂದು, ಲಂಡನ್ನಿನಲ್ಲಿ ನಡೆದ ಸ್ಮರಣೆಯ ಪ್ರಾರ್ಥನೆಯನ್ನು ರೇಡಿಯೋದಲ್ಲಿ ಕೇಳಿದಾಗ. ಒಂದು ಮಗನನ್ನು ಕಳೆದುಕೊಂಡು ಹಾಸಿಗೆ ಹಿಡಿದಿದ್ದ ಆ ತಾಯಿಗೆ ಈಗ ಮತ್ತಿಬ್ಬರು ಗಂಡುಮಕ್ಕಳು, ಇಬ್ಬರು ಅಳಿಯಂದಿರು ಇಲ್ಲವಾಗಿದ್ದರು. ಪುನರುತ್ಥಾನದ ನಂಬಿಕೆಯು ಇಂತಹ ದುಃಖವನ್ನು ಇಲ್ಲವೆನ್ನುವುದಿಲ್ಲ. ಎದ್ದು ಬಂದ ಕ್ರಿಸ್ತನ ಕೈಗಳಲ್ಲಿಯೂ ಮೊಳೆಯ ಗಾಯಗಳಿದ್ದುವಷ್ಟೆ.

ಬಾನ್ಹೋಫರರಂತೆ ಸಾಯುವ ಪ್ರಸಂಗ ನಮ್ಮಲ್ಲಿ ಹೆಚ್ಚಿನವರಿಗೆ ಬಾರದು. ಆದರೆ ಅಮೆರಿಕದಿಂದ ಹಿಂದಿರುಗಿದ ಆ ಹಡಗು ನಮ್ಮೆಲ್ಲರ ಬಾಳಿನಲ್ಲಿಯೂ ಒಂದಲ್ಲ ಒಂದು ದಿನ ದಡಕ್ಕೆ ಬಂದು ನಿಲ್ಲುತ್ತದೆ. ನೆರೆಯವನ ಮೇಲೆ ಅನ್ಯಾಯ ನಡೆಯುವಾಗ, ಮನೆಯಲ್ಲಿ ಕಾಯಿಲೆಯವರ ಬಳಿ ಕೂರಬೇಕಾದಾಗ, ಸುಳ್ಳಾಡಿದರೆ ಲಾಭವಿದ್ದಾಗ, ತಪ್ಪಿಸಿಕೊಳ್ಳುವ ದಾರಿಯೂ ಹಿಂದಿರುಗುವ ದಾರಿಯೂ ಎದುರಿಗಿರುತ್ತವೆ. ಸಾವಿಗೆ ಕೊನೆಯ ಮಾತಿಲ್ಲವೆಂದು ನಂಬಿದವನು ಅಂಜದೆ ಹಿಂದಿರುಗಬಲ್ಲನು. ಈಸ್ಟರ್ ಹಬ್ಬದ ಮರುದಿನದ ಬದುಕಿಗೆ ಅವರ ಜೀವನದಿಂದ ನಾವು ಕಲಿಯುವ ಪಾಠ ಇದು.