ನರಕೋಶದ ಗಡಿ ಕಂಡ ಕಹಾಲ್

ಸಾಂತಿಯಾಗೊ ರಾಮೋನ್ ಇ ಕಹಾಲ್ 1852ರಲ್ಲಿ ಸ್ಪೇನಿನ ಹಳ್ಳಿಯೊಂದರಲ್ಲಿ ಜನಿಸಿದರು. ಚಿತ್ರಕಾರನಾಗಬೇಕೆಂಬುದು ಬಾಲಕನ ಹಂಬಲ. ವೈದ್ಯನಾಗಲೆಂಬುದು ತಂದೆಯ ಹಟ. ವೈದ್ಯರಾದರೂ ಅವರು ಚಿತ್ರಕಲೆಯನ್ನು ತೊರೆಯಲಿಲ್ಲ. 1888ರಲ್ಲಿ ಬಾರ್ಸಿಲೋನಾದಲ್ಲಿ, ಇಟಲಿಯ ಗಾಲ್ಗಿ ರೂಪಿಸಿದ್ದ ವರ್ಣಲೇಪನ ವಿಧಾನದಿಂದಲೇ ಹಕ್ಕಿಯ ಮಿದುಳನ್ನು ಪರೀಕ್ಷಿಸಿ, ಕಂಡುದನ್ನು ಚಿತ್ರಿಸಿ, ನರಕೋಶಗಳು ಒಂದೇ ಜಾಲವಲ್ಲ, ಬಿಡಿ ಘಟಕಗಳೆಂದು ಪ್ರತಿಪಾದಿಸಿದರು. ಗಾಲ್ಗಿ ಒಪ್ಪಲಿಲ್ಲ. 1906ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು, ಭಿನ್ನಮತ ಕರಗಲಿಲ್ಲ. ಕಹಾಲ್ 1934ರಲ್ಲಿ ನಿಧನರಾದರು.

1967ರಲ್ಲಿ ರೆವೆಲ್ ಮತ್ತು ಕಾರ್ನೊವ್ಸ್ಕಿ ಇಲಿಯ ಹೃದಯ, ಯಕೃತ್ತುಗಳ ಕೋಶಗಳು ಸಂಧಿಸುವೆಡೆ ಕಿರಿದಾದ ತೆರಪನ್ನೂ ಷಟ್ಕೋನ ವಿನ್ಯಾಸವನ್ನೂ ಕಂಡರು. ಅವೇ ಗ್ಯಾಪ್ ಜಂಕ್ಷನ್‌ಗಳು. ಅಲ್ಲಿನ ನಾಳಗಳ ಮೂಲಕ ಅಯಾನುಗಳು ಕೋಶದಿಂದ ಕೋಶಕ್ಕೆ ಸಾಗುತ್ತವೆ. ಕೆಲವು ನರಕೋಶಗಳ ನಡುವೆಯೂ ಅವುಂಟು. ಕಹಾಲ್ ಗುರುತಿಸಿದ ಗಡಿ ಅಳಿಯಲಿಲ್ಲ. ಅದರಲ್ಲಿ ಬಾಗಿಲುಗಳೂ ಇವೆಯೆಂದು ತಿಳಿಯಿತು.