ಮುಮ್ಮಡಿ ಕೃಷ್ಣರಾಜ ಒಡೆಯರ್ ಮತ್ತು ಚದುರಂಗ

ಮುಮ್ಮಡಿ ಕೃಷ್ಣರಾಜ ಒಡೆಯರ್ (14 ಜುಲೈ 1794 – 27 ಮಾರ್ಚ್ 1868) ಮೈಸೂರು ಸಂಸ್ಥಾನದ ಅರಸರು, ಗ್ರಂಥಕರ್ತರು ಹಾಗೂ ಚದುರಂಗದ ಕುದುರೆ ನಡೆಯ ಸಮಸ್ಯೆಗಳನ್ನು ರಚಿಸಿದ ಕ್ರೀಡಾಪ್ರಿಯರು. ಇಂದಿನ ಶಿವಮೊಗ್ಗ ಸೀಮೆಯ ರೈತ ದಂಗೆಯೊಂದು ಅವರ ಆಡಳಿತಾಧಿಕಾರ ಕೈತಪ್ಪಲು ಕಾರಣವಾಯಿತು.

ಆಳ್ವಿಕೆ ಮತ್ತು ನಗರದ ದಂಗೆ

ಟಿಪ್ಪು ಸುಲ್ತಾನನ ಮರಣಾನಂತರ, 1799ರ ಜೂನ್ 30ರಂದು, ಇನ್ನೂ ಐದು ವರ್ಷ ತುಂಬದಿದ್ದ ಕೃಷ್ಣರಾಜರನ್ನು ಬ್ರಿಟಿಷರು ಸಿಂಹಾಸನದಲ್ಲಿ ಕೂರಿಸಿದರು. ದಿವಾನ್ ಪೂರ್ಣಯ್ಯನವರು ನಿವೃತ್ತರಾದ ಮೇಲೆ ಅಧಿಕಾರ ಅರಸರ ಕೈಸೇರಿತು.

ಗೊತ್ತುಪಡಿಸಿದಷ್ಟು ಕಂದಾಯವನ್ನು ಒಪ್ಪಿಸಲು ಅಮಲ್ದಾರರು ಮುಚ್ಚಳಿಕೆ ಬರೆದುಕೊಡುವ ಶರತ್ತು ಪದ್ಧತಿ ಆಗ ರೂಢಿಗೆ ಬಂದಿತ್ತು. ಅದರ ಹೊರೆ ಕೊನೆಗೆ ಬಿದ್ದದ್ದು ರೈತರ ಮೇಲೆ. ಶಿವಮೊಗ್ಗ ಮತ್ತು ಆಗ ಬೆಂಕಿಪುರವೆನಿಸಿದ್ದ ಭದ್ರಾವತಿಯ ಪ್ರದೇಶಗಳು ಸೇರಿದ್ದ ನಗರ ಫೌಜುದಾರಿಯಲ್ಲಿ 1830ರಲ್ಲಿ ರೈತರು ದಂಗೆಯೆದ್ದರು. ಬೂದಿ ಬಸವಪ್ಪ ತಾನೇ ನಗರದ ಅರಸನೆಂದು ಘೋಷಿಸಿಕೊಂಡನು. ಬ್ರಿಟಿಷ್ ಸೈನ್ಯ ದಂಗೆಯನ್ನು ಅಡಗಿಸಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಸಂಸ್ಥಾನದ ಆಡಳಿತವನ್ನೇ ವಶಕ್ಕೆ ತೆಗೆದುಕೊಂಡನು. ಅರಸರ ಬಗೆಗಿನ ಅನುಕಂಪದಲ್ಲಿ ರೈತರ ಸಂಕಟವನ್ನು ಮರೆಯಲಾಗದು.

ಚದುರಂಗದ ರಚನೆಗಳು

ಪಟ್ಟವಿದ್ದರೂ ಅಧಿಕಾರವಿಲ್ಲದ ಮೂರುವರೆ ದಶಕಗಳಲ್ಲಿ ಅರಸರ ಆಸ್ಥಾನ ವಿದ್ವಾಂಸರ, ಚಿತ್ರಕಾರರ ನೆಲೆಯಾಗಿ ಬೆಳೆಯಿತು. ಅವರ ಹೆಸರಿನ ಶ್ರೀತತ್ತ್ವನಿಧಿಯು ಒಂಬತ್ತು ನಿಧಿಗಳ ಬೃಹದ್ಗ್ರಂಥ. ಅದರ ಕೌತುಕನಿಧಿಯಲ್ಲಿ ಆಟಗಳ ವಿವರಣೆಯಿದೆ.

ಕುದುರೆ ನಡೆಯ ಸಮಸ್ಯೆಯಲ್ಲಿ ಎದುರಾಳಿಯಿಲ್ಲ, ಬೇರೆ ಕಾಯಿಗಳೂ ಇಲ್ಲ. ಒಂಟಿ ಕುದುರೆಯು 64 ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮುಟ್ಟಬೇಕು. ನಡುವಿನ ಮನೆಯಿಂದ ಅದಕ್ಕೆ ಎಂಟು ದಾರಿಗಳಿದ್ದರೆ ಮೂಲೆಯಿಂದ ಎರಡೇ. ಆದುದರಿಂದ ಮೂಲೆಗಳನ್ನು ಕಡೆಗಣಿಸಿದವನು ಕೊನೆಯಲ್ಲಿ ಸಿಕ್ಕಿಬೀಳುತ್ತಾನೆ. ಕೊನೆಯ ಮನೆಯಿಂದ ಮೊದಲ ಮನೆಗೆ ನೆಗೆಯುವಂತಿದ್ದರೆ ರಚನೆ ಇನ್ನೂ ಸೊಗಸು.

ಭಾರತದಲ್ಲಿ ಇದು ಕಾವ್ಯಕ್ಕೂ ಸೇರಿದ ವಿದ್ಯೆ. ಮನೆಗಳಲ್ಲಿ ಬರೆದ ಅಕ್ಷರಗಳನ್ನು ಕುದುರೆಯ ಹೆಜ್ಜೆಯಲ್ಲಿ ಓದಿದರೆ ಶ್ಲೋಕವಾಗುವ ತುರಗಬಂಧವನ್ನು 9ನೆಯ ಶತಮಾನದ ರುದ್ರಟನೂ ಅನಂತರ ವೇದಾಂತದೇಶಿಕರೂ ರಚಿಸಿದ್ದರು. ಮುಮ್ಮಡಿಯವರು ಈ ಪರಂಪರೆಯ ವಾರಸುದಾರರು. ಮಾಯಾಚೌಕಗಳಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಕುದುರೆಯ ಹೆಜ್ಜೆಗಳಿಗೆ 1ರಿಂದ 64ರವರೆಗೆ ಅಂಕಿ ಕೊಟ್ಟು, ಪ್ರತಿ ಅಡ್ಡಸಾಲು ಮತ್ತು ಕಂಬಸಾಲಿನ ಮೊತ್ತ 260 ಆಗುವಂತೆ ಹೊಂದಿಸುವುದು ಅತಿ ಕಠಿಣ. ಅಂತಹ ಒಂದು ರಚನೆಯನ್ನು ಇಂಗ್ಲೆಂಡಿನ ಬೆವರ್ಲಿ 1848ರಲ್ಲಿ ಪ್ರಕಟಿಸಿದನು. ಎರಡು ಕರ್ಣಗಳ ಮೊತ್ತವೂ 260 ಆಗುವುದು 64 ಮನೆಗಳ ಹಾಸಿನಲ್ಲಿ ಅಸಾಧ್ಯವೆಂದು 2003ರಲ್ಲಿ ಗಣಕಯಂತ್ರಗಳು ತೋರಿಸಿದವು.

ಕೊನೆಯ ವರ್ಷಗಳು

ರಾಜ್ಯವನ್ನು ಹಿಂದಕ್ಕೆ ಪಡೆಯುವ ಪ್ರಯತ್ನವನ್ನು ಅರಸರು ಕೈಬಿಡಲಿಲ್ಲ. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಬ್ರಿಟಿಷ್ ಸರ್ಕಾರ ಆ ದತ್ತುವನ್ನು 1867ರಲ್ಲಿ ಮಾನ್ಯ ಮಾಡಿತು. ಮರುವರ್ಷ ಅರಸರು ನಿಧನರಾದರು. ಅಧಿಕಾರವು 1881ರಲ್ಲಿ ದತ್ತುಪುತ್ರರಿಗೆ ಮರಳಿತು.