ಎಲ್ಲರ ಮುಖ ಹಿಡಿದಿಟ್ಟ ಗಣಿಯ ಹುಡುಗ

ಜರ್ಮನಿಯ ಹೆರ್ಡಾರ್ಫ್ ಕಬ್ಬಿಣದ ಅದಿರಿನ ಊರು. ಅಲ್ಲಿನ ಗಣಿಯಲ್ಲಿ ಬಡಗಿಯಾಗಿದ್ದವರೊಬ್ಬರ ಮಗನಾಗಿ 1876ರಲ್ಲಿ ಜನಿಸಿದ ಆಗಸ್ಟ್ ಸ್ಯಾಂಡರ್, ಶಾಲೆ ಮುಗಿದೊಡನೆ ತಾವೂ ಗಣಿಯ ದುಡಿಮೆಗಿಳಿದರು. ಒಂದು ದಿನ ಗಣಿಯ ಚಿತ್ರ ತೆಗೆಯಲು ಬಂದ ಛಾಯಾಗ್ರಾಹಕರ ಸಲಕರಣೆ ಹೊರುವ ಕೆಲಸ ಅವರ ಪಾಲಿಗೆ ಬಂತು. ಕ್ಯಾಮೆರಾದ ಗಾಜಿನಲ್ಲಿ ತನ್ನದೇ ಊರನ್ನು ಕಂಡ ಹುಡುಗನ ಬದುಕು ಅಲ್ಲಿಂದ ಹೊರಳಿತು. ಬಂಧುವೊಬ್ಬರ ಹಣದ ನೆರವಿನಿಂದ ಕ್ಯಾಮೆರಾ ಕೈಸೇರಿತು.

ಆಸ್ಟ್ರಿಯಾದ ಲಿಂಜ್ ನಗರದಲ್ಲಿ ಕೆಲಕಾಲ ಸ್ಟುಡಿಯೊ ನಡೆಸಿದ ಸ್ಯಾಂಡರ್ 1910ರಲ್ಲಿ ಕಲೋನ್ ಸೇರಿದರು. ಗಿರಾಕಿಗಳು ಬಾರದಿದ್ದಾಗ ಬೈಸಿಕಲ್ ಏರಿ ವೆಸ್ಟರ್‌ವಾಲ್ಡ್ ಪ್ರದೇಶದ ಹಳ್ಳಿಗಳಿಗೆ ಹೋಗಿ ರೈತ ಕುಟುಂಬಗಳ ಭಾವಚಿತ್ರ ತೆಗೆಯುತ್ತಿದ್ದರು. ಹೊಟ್ಟೆಪಾಡಿಗೆಂದು ಆರಂಭವಾದ ಈ ತಿರುಗಾಟವೇ ಮುಂದೆ ಇಪ್ಪತ್ತನೆಯ ಶತಮಾನದ ಜನರೆಂಬ ಬೃಹತ್ ಯೋಜನೆಗೆ ಬುನಾದಿಯಾಯಿತು. ರೈತ, ಕುಶಲಕರ್ಮಿ, ಮಹಿಳೆ, ವೃತ್ತಿವಂತರು, ಕಲಾವಿದ, ನಗರವಾಸಿ, ಕಟ್ಟಕಡೆಗೆ ಸಮಾಜದ ಅಂಚಿನಲ್ಲಿರುವವರು ಎಂದು ಏಳು ಗುಂಪುಗಳಾಗಿ ತಮ್ಮ ಕಾಲದ ಇಡೀ ಜರ್ಮನ್ ಸಮಾಜವನ್ನೇ ದಾಖಲಿಸುವುದು ಅವರ ಹಂಬಲವಾಗಿತ್ತು.

ತೀಡಿ ತಿದ್ದಿದ ಚಿತ್ರಗಳೇ ಚಲಾವಣೆಯಲ್ಲಿದ್ದ ಕಾಲವದು. ಸ್ಯಾಂಡರ್ ತಿದ್ದಲಿಲ್ಲ. ಸಿಹಿತಿನಿಸು ತಯಾರಕನ ಕೈಯಲ್ಲಿ ದೊಡ್ಡ ಪಾತ್ರೆ, ಗಾರೆಯಾಳಿನ ಹೆಗಲ ಮೇಲೆ ಇಟ್ಟಿಗೆ ತುಂಬಿದ ಹಲಗೆ. ಇವೆರಡೂ 1928ರ ಚಿತ್ರಗಳು. ಆ ಪಾತ್ರೆ, ಆ ಇಟ್ಟಿಗೆಗಳೇ ಅವರ ಪರಿಚಯಪತ್ರ. ಕೈಗಾರಿಕೋದ್ಯಮಿಗೆ ಸಿಕ್ಕ ಘನತೆಯೇ ಕೂಲಿಯವನಿಗೂ ಸಿಕ್ಕಿತು. ಚಿತ್ರದ ಕೆಳಗೆ ಸಾಮಾನ್ಯವಾಗಿ ಕಸುಬಿನ ಹೆಸರಿರುತ್ತಿತ್ತೇ ಹೊರತು ವ್ಯಕ್ತಿಯ ಹೆಸರಲ್ಲ. ಇದರಲ್ಲಿ ತೊಡಕೂ ಇಲ್ಲದಿಲ್ಲ. ಕೈಯಲ್ಲಿ ಬೆತ್ತ ಹಿಡಿದು ನೃತ್ಯಕೂಟಕ್ಕೆ ಹೊರಟ ಮೂವರು ತರುಣರ 1914ರ ಚಿತ್ರ ಜಗತ್ಪ್ರಸಿದ್ಧ. ರೈತರೆಂದೇ ಹೆಸರಾದ ಈ ಮೂವರೂ ನಿಜಕ್ಕೂ ಗಣಿಯ ನೌಕರರಾಗಿದ್ದರೆಂಬುದು ಬಹುಕಾಲದ ನಂತರ ಬೆಳಕಿಗೆ ಬಂತು. ಗಣಿಯ ಹುಡುಗನೇ ಗಣಿಯವರನ್ನು ರೈತರೆಂದು ಕರೆದದ್ದು ವಿಚಿತ್ರವೇ ಸರಿ.

ಆಯ್ದ 60 ಚಿತ್ರಗಳ ಸಂಕಲನ 1929ರಲ್ಲಿ ಪ್ರಕಟವಾಯಿತು. ಕಾದಂಬರಿಕಾರ ಆಲ್ಫ್ರೆಡ್ ಡೋಬ್ಲಿನ್ ಅದಕ್ಕೆ ಮುನ್ನುಡಿ ಬರೆದರು. ನಾಲ್ಕೇ ವರ್ಷಗಳಲ್ಲಿ ಅಧಿಕಾರಕ್ಕೆ ಬಂದ ನಾಜಿಗಳಿಗೆ ಒಂದೇ ಅಚ್ಚಿನ ಮುಖಗಳು ಬೇಕಿದ್ದವು. ನಿರುದ್ಯೋಗಿಗಳೂ ಕ್ರಾಂತಿಕಾರಿಗಳೂ ಇದ್ದ ಈ ಪುಸ್ತಕ ಅವರಿಗೆ ಸಹ್ಯವಾಗಲಿಲ್ಲ. 1936ರಲ್ಲಿ ಮುದ್ರಣ ಫಲಕಗಳನ್ನು ನಾಶಪಡಿಸಿ, ಉಳಿದ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಯಿತು.

ಅದಕ್ಕೂ ದೊಡ್ಡ ಆಘಾತ ಮನೆಯೊಳಗೇ ಎರಗಿತ್ತು. ಎಡಪಂಥೀಯ ಪಕ್ಷದ ಸದಸ್ಯನಾಗಿದ್ದ ಹಿರಿಯ ಮಗ ಎರಿಕ್‌ನನ್ನು 1934ರಲ್ಲಿ ಬಂಧಿಸಿ, ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು. ತಂದೆಯಿಂದ ಕಲಿತ ವಿದ್ಯೆ ಸೆರೆಯಲ್ಲೂ ಅವನ ಕೈಬಿಡಲಿಲ್ಲ. ಜೀಗ್‌ಬುರ್ಗ್ ಕಾರಾಗೃಹದಲ್ಲಿ ಛಾಯಾಗ್ರಾಹಕನ ಕೆಲಸ ಮಾಡುತ್ತಲೇ ಸಹಬಂದಿಗಳ ಮುಖಗಳನ್ನು ಸೆರೆಹಿಡಿದ. 1944ರಲ್ಲಿ, ಬಿಡುಗಡೆಗೆ ಕೆಲವೇ ತಿಂಗಳಿದ್ದಾಗ, ಚಿಕಿತ್ಸೆ ದೊರೆಯದೆ ಅಪೆಂಡಿಸೈಟಿಸ್‌ನಿಂದ ಅಸುನೀಗಿದ.

ಈ ನಡುವೆ, 1938ರ ಸುಮಾರಿಗೆ, ಕಲೋನ್‌ನ ಯಹೂದಿಗಳು ಸ್ಯಾಂಡರ್ ಅವರ ಸ್ಟುಡಿಯೊಗೆ ಬರತೊಡಗಿದ್ದರು. ಸರ್ಕಾರ ಕಡ್ಡಾಯಗೊಳಿಸಿದ್ದ ಗುರುತಿನ ಚೀಟಿಗೆ ಅವರಿಗೆ ಭಾವಚಿತ್ರ ಬೇಕಿತ್ತು. ಪ್ರತ್ಯೇಕಿಸಿ ಹಿಂಸಿಸಲೆಂದೇ ರೂಪಿಸಿದ ಚೀಟಿಯದು. ಸ್ಯಾಂಡರ್ ಅವರನ್ನೂ ಉಳಿದೆಲ್ಲರಂತೆ ಕುಳ್ಳಿರಿಸಿ, ಅಷ್ಟೇ ತಾಳ್ಮೆಯಿಂದ ಚಿತ್ರ ತೆಗೆದರು.

ಯುದ್ಧದ ಬಾಂಬುಗಳಿಗೆ ಸ್ಟುಡಿಯೊ ನೆಲಸಮವಾಯಿತು. ಸ್ಯಾಂಡರ್ ಮುನ್ನೆಚ್ಚರಿಕೆಯಿಂದ ಸುಮಾರು ಹತ್ತು ಸಾವಿರ ನೆಗೆಟಿವ್‌ಗಳನ್ನು ಕುಖ್‌ಹೌಸನ್ ಎಂಬ ಹಳ್ಳಿಗೆ ಸಾಗಿಸಿದ್ದರಿಂದ ಅವು ಉಳಿದವು. ಕಲೋನ್‌ನ ನೆಲಮಾಳಿಗೆಯಲ್ಲಿಟ್ಟ ಸುಮಾರು 30 ಸಾವಿರ ನೆಗೆಟಿವ್‌ಗಳು ಯುದ್ಧದಲ್ಲಿ ಉಳಿದರೂ 1946ರ ಬೆಂಕಿಗೆ ಆಹುತಿಯಾದವು. ಎಪ್ಪತ್ತರ ಅಂಚಿನಲ್ಲಿದ್ದ ಅವರು ಉಳಿದ ಗಾಜುಗಳನ್ನೇ ಮುಂದಿಟ್ಟುಕೊಂಡು ಮತ್ತೆ ಜೋಡಿಸಲು ಕುಳಿತರು.

1964ರಲ್ಲಿ ಅವರು ನಿಧನರಾದಾಗ ಯೋಜನೆ ಪೂರ್ಣಗೊಂಡಿರಲಿಲ್ಲ. ಆದರೆ ಅದರೊಳಗೆ ಹೊಸ ವಿಭಾಗಗಳು ಸೇರಿದ್ದವು. ಗುರುತಿನ ಚೀಟಿಗೆಂದು ಕುಳಿತಿದ್ದ ಯಹೂದಿಗಳಿಗೂ, ಎರಿಕ್ ತೆಗೆದ ರಾಜಕೀಯ ಬಂದಿಗಳ ಚಿತ್ರಗಳಿಗೂ ಅಲ್ಲಿ ಸ್ಥಾನ ದೊರೆತಿತ್ತು. ಕೊನೆಯ ಗುಂಪಿನಲ್ಲಿ ಮೃತ ಎರಿಕ್‌ನ ಮುಖದ ಅಚ್ಚಿನ ಚಿತ್ರವಿದೆ.